ಪಟ್ಟಾಭಿಷೇಕದಲ್ಲಿ ಮುಗಿಯದ ಕಥೆ: ರಮಾನಂದ ಸಾಗರ್ ಬದುಕಿನ ಹಾದಿ

1988ರ ಜುಲೈ 31, ಭಾನುವಾರ. ದೂರದರ್ಶನದಲ್ಲಿ ಬೆಳಿಗ್ಗೆ ರಾಮಾಯಣ ಧಾರಾವಾಹಿಯ 78ನೇ ಕಂತು ಪ್ರಸಾರವಾಯಿತು. ಶ್ರೀರಾಮನ ಪಟ್ಟಾಭಿಷೇಕದೊಂದಿಗೆ ಕಥೆಗೆ ಮಂಗಳ ಹಾಡಲಾಯಿತು. ಉತ್ತರ ಭಾರತದ ಹಲವು ಊರುಗಳಲ್ಲಿ ಜನರು ಅಂದು ಬೀದಿ ಗುಡಿಸಿ, ತೋರಣ ಕಟ್ಟಿ, ದೀಪ ಹಚ್ಚಿ ಸಂಭ್ರಮಿಸಿದರು. ಸಿಹಿ ಹಂಚಿದವರೂ ಇದ್ದರು. ಹಬ್ಬದ ನಡುವೆಯೇ ಮನೆಯ ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಟ್ಟಂತಹ ಖಾಲಿತನವೂ ಇತ್ತು. ಒಂದೂವರೆ ವರ್ಷ ಕಾಲ ದೇಶದ ಭಾನುವಾರಗಳಿಗೆ ಒಂದು ಕ್ರಮವನ್ನು ಕಲ್ಪಿಸಿದ್ದ ಕಥೆ ಮುಂದಿನ ವಾರ ಇರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ಬಹುಮಂದಿ ಸಿದ್ಧರಿರಲಿಲ್ಲ.

ಆ ಕಥೆಯನ್ನು ತೆರೆಗೆ ತಂದ ರಮಾನಂದ ಸಾಗರ್ ಅವರಿಗೆ ಮಾತ್ರ ಅದು ಅಲ್ಲಿಗೇ ಮುಗಿಯಬೇಕಿತ್ತು. ಸೀತೆಯನ್ನು ಮತ್ತೆ ಕಾಡಿಗೆ ಕಳುಹಿಸುವ ಉತ್ತರಕಾಂಡವನ್ನು ಚಿತ್ರಿಸುವ ಉದ್ದೇಶ ಅವರಿಗಿರಲಿಲ್ಲ. ರಾಮ ಸಿಂಹಾಸನವೇರಿದ, ಸೀತೆ ಪಕ್ಕದಲ್ಲಿ ಕುಳಿತಳು, ಪ್ರಜೆಗಳು ಜಯಘೋಷ ಮಾಡಿದರು. ವೀಕ್ಷಕನನ್ನು ಆ ದೃಶ್ಯದೊಂದಿಗೆ ಬೀಳ್ಕೊಡಬೇಕೆಂಬುದು ಅವರ ಇಚ್ಛೆ. ವೀಕ್ಷಕರ ಒಂದು ವರ್ಗ ಈ ಬೀಳ್ಕೊಡುಗೆಯನ್ನು ತಿರಸ್ಕರಿಸಿತು. ಧಾರಾವಾಹಿಯೊಂದು ಇಲ್ಲಿಗೆ ನಿಲ್ಲಕೂಡದು ಎಂದು ದುಡಿಯುವ ಜನರು ಕೆಲಸ ನಿಲ್ಲಿಸಿ ಹಟ ಹಿಡಿದ ಉದಾಹರಣೆ ಭಾರತದ ಕಿರುತೆರೆಯ ಚರಿತ್ರೆಯಲ್ಲಿ ಬೇರೆ ಸಿಗುವುದು ಕಷ್ಟ.

ಆ ಹಟದ ಕಾರಣವನ್ನು ತಿಳಿಯುವ ಮುನ್ನ, ಸುಖಾಂತ್ಯಕ್ಕೆ ಅಷ್ಟೊಂದು ಆತುಕೊಂಡಿದ್ದ ವ್ಯಕ್ತಿಯ ಹಿನ್ನೆಲೆಯನ್ನು ನೋಡಬೇಕು.

ಲಾಹೋರ್, ಶ್ರೀನಗರ ಮತ್ತು ಒಂದು ಪೆಟ್ಟಿಗೆ

ಸಾಗರ್ ಜನಿಸಿದ್ದು 1917ರ ಡಿಸೆಂಬರ್ 29ರಂದು, ಲಾಹೋರ್ ಸಮೀಪದ ಅಸಲ್ ಗುರು ಎಂಬ ಊರಿನಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಚಂದ್ರಮೌಳಿ ಚೋಪ್ರಾ. ಪೂರ್ವಜರು ಪೆಶಾವರದಿಂದ ಕಾಶ್ಮೀರಕ್ಕೆ ವಲಸೆ ಬಂದು ನೆಲೆಸಿದವರು. ಗಂಡು ಸಂತಾನವಿಲ್ಲದ ತಾಯಿಯ ತಾಯಿ ಬಾಲಕನನ್ನು ದತ್ತು ತೆಗೆದುಕೊಂಡು ರಮಾನಂದ ಎಂದು ಹೊಸ ಹೆಸರಿಟ್ಟರು. ಬರವಣಿಗೆಗೆ ತೊಡಗಿದ ಮೇಲೆ ಅವರು ರಮಾನಂದ ಚೋಪ್ರಾ, ರಮಾನಂದ ಬೇಡಿ, ರಮಾನಂದ ಕಾಶ್ಮೀರಿ ಎಂದು ಬೇರೆ ಬೇರೆ ಹೆಸರುಗಳಲ್ಲಿ ಬರೆದರು. ಕೊನೆಗೆ ಉಳಿದದ್ದು ಸಾಗರ್.

ವರದಕ್ಷಿಣೆಯನ್ನು ವಿರೋಧಿಸಿದ್ದಕ್ಕಾಗಿ ಹದಿಹರೆಯದಲ್ಲೇ ಮನೆಯಿಂದ ಹೊರಬೀಳಬೇಕಾಯಿತು ಎಂದು ಅವರ ಕುಟುಂಬದವರು ನಿರೂಪಿಸುತ್ತಾರೆ. ಅನಂತರದ ದಿನಗಳಲ್ಲಿ ಹೊಟ್ಟೆಪಾಡಿಗೆ ಅವರು ಜವಾನರಾದರು, ಲಾರಿ ತೊಳೆದರು, ಸಾಬೂನು ಮಾರಿದರು, ಅಕ್ಕಸಾಲಿಗನ ಬಳಿ ಕೆಲಸ ಕಲಿತರು. ಹಗಲು ದುಡಿದು ರಾತ್ರಿ ಓದಿದರು. 1942ರಲ್ಲಿ ಪಂಜಾಬ್ ವಿಶ್ವವಿದ್ಯಾಲಯದಿಂದ ಸಂಸ್ಕೃತ ಮತ್ತು ಪರ್ಷಿಯನ್ ಭಾಷೆಗಳಲ್ಲಿ ಚಿನ್ನದ ಪದಕ ಪಡೆದರು. ಮುಂದೆ ರಾಮಾಯಣವನ್ನೂ ಅಲಿಫ್ ಲೈಲಾವನ್ನೂ ಒಂದೇ ಕೈಯಿಂದ ನಿರ್ಮಿಸಿದವರಿಗೆ ಇದಕ್ಕಿಂತ ತಕ್ಕ ಪದವಿ ಬೇರೊಂದಿರಲಾರದು. ಕೆಲಕಾಲ ಮಿಲಾಪ್ ಉರ್ದು ದೈನಿಕದಲ್ಲಿ ಸಂಪಾದಕೀಯ ವಿಭಾಗದಲ್ಲಿದ್ದರು. ಅಂದರೆ ಸಾಗರ್ ಮೂಲತಃ ಪತ್ರಕರ್ತರು. ದಿನದಿನದ ಗಡುವಿಗೆ ಬರೆಯುವ ಅಭ್ಯಾಸ ಅವರಿಗೆ ಹತ್ತಿದ್ದು ಅಲ್ಲಿ.

ಅದೇ ಕಾಲದಲ್ಲಿ ಅವರಿಗೆ ಕ್ಷಯ ತಗುಲಿತು. ಆಗ ಕ್ಷಯವೆಂದರೆ ಸಾವಿನ ಕರೆಯೋಲೆ. ಕಾಶ್ಮೀರದ ಆರೋಗ್ಯಧಾಮದಲ್ಲಿ ಮಲಗಿದ್ದ ಅವರು ಕ್ಷಯರೋಗಿಯೊಬ್ಬನ ದಿನಚರಿಯನ್ನು ಬರೆದು ಕಳುಹಿಸತೊಡಗಿದರು. ಲಾಹೋರಿನ ಅದಬ್-ಎ-ಮಶ್ರಿಕ್ ಪತ್ರಿಕೆ ಅದನ್ನು ಅಂಕಣವಾಗಿ ಪ್ರಕಟಿಸಿತು. ಮುಂದಿನ ಕಂತು ಬರುತ್ತದೆಯೋ ಇಲ್ಲವೋ ಎಂಬುದು ಬರೆಯುವವನು ಬದುಕಿರುತ್ತಾನೋ ಇಲ್ಲವೋ ಎಂಬುದರ ಮೇಲೆ ನಿಂತಿದ್ದ ಬರಹವದು. ಓದುಗರನ್ನು ಕಂತಿನಿಂದ ಕಂತಿಗೆ ಕಾಯಿಸುವ ವಿದ್ಯೆಯ ಮೊದಲ ಪಾಠ ಅವರಿಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಆಯಿತು ಎನ್ನಲಡ್ಡಿಯಿಲ್ಲ.

ರೋಗ ಬಿಟ್ಟಿತು, ದೇಶವಿಭಜನೆ ಬಿಡಲಿಲ್ಲ. 1947ರಲ್ಲಿ ಲಾಹೋರ್ ಕೈತಪ್ಪಿತು. ಕುಟುಂಬದೊಂದಿಗೆ ಶ್ರೀನಗರ ಸೇರಿದ ಅವರಿಗೆ ಅಕ್ಟೋಬರ್ ತಿಂಗಳಿನಲ್ಲಿ ನಡೆದ ದಾಳಿಯಿಂದಾಗಿ ಅಲ್ಲಿಯೂ ನೆಲೆ ಉಳಿಯಲಿಲ್ಲ. ನಿರಾಶ್ರಿತರನ್ನು ದೆಹಲಿಗೆ ಸಾಗಿಸುತ್ತಿದ್ದ ವಿಮಾನದಲ್ಲಿ ಸಾಮಾನಿಗೆ ಜಾಗವಿರಲಿಲ್ಲ. ಸಾಗರ್ ಮಾತ್ರ ಒಂದು ಪೆಟ್ಟಿಗೆಯನ್ನು ಬಿಟ್ಟು ಹತ್ತಲು ಒಪ್ಪಲಿಲ್ಲ. ಒಡವೆಯಿರಬಹುದೆಂದು ಶಂಕಿಸಿ ಅದನ್ನು ತೆರೆಸಿದಾಗ ಒಳಗಿದ್ದದ್ದು ಬರೀ ಕಾಗದ. ಆ ವಿಮಾನದ ಪೈಲಟ್ ಮುಂದೆ ಒರಿಸ್ಸಾದ ಮುಖ್ಯಮಂತ್ರಿಯಾದ ಬಿಜು ಪಟ್ನಾಯಕ್ ಎಂದು ಸಾಗರ್ ಅವರ ಮಗ ಪ್ರೇಮ್ ಸಾಗರ್ 2019ರಲ್ಲಿ ಹೊರತಂದ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ.

ಆ ಕಾಗದಗಳಲ್ಲಿ ಒಂದು ಭಾಗ 1948ರಲ್ಲಿ ಔರ್ ಇನ್ಸಾನ್ ಮರ್ ಗಯಾ ಎಂಬ ಉರ್ದು ಕಾದಂಬರಿಯಾಗಿ ಪ್ರಕಟವಾಯಿತು. ವಿಭಜನೆಯ ಹಿಂಸೆಯಲ್ಲಿ ಮನುಷ್ಯತ್ವವೇ ಸತ್ತುಹೋಯಿತು ಎಂಬುದು ಹೆಸರಿನಲ್ಲೇ ಇದೆ. ವಿಭಜನೆ ಕುರಿತ ಆರಂಭದ ಕಾದಂಬರಿಗಳಲ್ಲಿ ಇದೂ ಒಂದು. ಸಾಗರ್ ಹೆಸರು ಹೇಳಿದೊಡನೆ ಬಿಲ್ಲು ಬಾಣ, ಕಿರೀಟ, ಮೋಡದ ಮೇಲಿನ ದೇವತೆಗಳು ಕಣ್ಮುಂದೆ ಬರುವ ನಮಗೆ ಈ ಕಾದಂಬರಿಕಾರನ ಪರಿಚಯ ಇಲ್ಲವೇ ಇಲ್ಲ ಎನ್ನಬೇಕು.

ಮುಂಬೈನ ಮೂವತ್ತೈದು ವರ್ಷ

ಮುಂಬೈಗೆ ಬಂದ ಸಾಗರ್‌ಗೆ ಪೃಥ್ವಿರಾಜ್ ಕಪೂರ್ ಅವರ ಪೃಥ್ವಿ ಥಿಯೇಟರ್ಸ್ ನೆರಳಾಯಿತು. ಪೃಥ್ವಿರಾಜರ ಮಗ ರಾಜ್ ಕಪೂರ್‌ಗಾಗಿ ಬರೆದ ಬರ್ಸಾತ್ 1949ರಲ್ಲಿ ತೆರೆಕಂಡು ಭಾರಿ ಯಶಸ್ಸು ಗಳಿಸಿತು. ಗುಡ್ಡಗಾಡಿನ ಹುಡುಗಿ ನೀಲಾ ಪ್ರಿಯಕರನಿಗಾಗಿ ಕಾದು ಕಾದು ಕೊನೆಗೆ ಪ್ರಾಣ ಬಿಡುವ ಕಥೆಯದು. ತಮ್ಮ ಮೊದಲ ದೊಡ್ಡ ಗೆಲುವನ್ನು ದುರಂತದಲ್ಲಿ ಮುಗಿಸಿದ ಲೇಖಕ, ನಾಲ್ಕು ದಶಕಗಳ ಬಳಿಕ ದುರಂತಕ್ಕೆ ಬೆನ್ನು ತಿರುಗಿಸಿದರು.

1950ರಲ್ಲಿ ಸ್ವಂತ ಸಂಸ್ಥೆ ಸಾಗರ್ ಆರ್ಟ್ಸ್ ಕಟ್ಟಿದರು. ಮೊದಮೊದಲ ಚಿತ್ರಗಳು ಕೈ ಹಿಡಿಯಲಿಲ್ಲ. ಮದರಾಸಿನ ಜೆಮಿನಿ ಸಂಸ್ಥೆಯ ಎಸ್.ಎಸ್. ವಾಸನ್ ನಿರ್ದೇಶಿಸಿದ ಪೈಗಾಮ್ ಚಿತ್ರದ ಸಂಭಾಷಣೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಜೆಮಿನಿಗಾಗಿಯೇ ಘೂಂಘಟ್ ಮತ್ತು ಜಿಂದಗಿ ನಿರ್ದೇಶಿಸಿದರು. 1965ರ ಆರ್ಜೂ ಮೂಲಕ ತಾವು ಬಿಟ್ಟುಬಂದಿದ್ದ ಕಾಶ್ಮೀರಕ್ಕೆ ಕ್ಯಾಮೆರಾ ಹಿಡಿದು ಮರಳಿದರು. ಧರ್ಮೇಂದ್ರ ನಾಯಕರಾಗಿದ್ದ 1968ರ ಆಂಖೇಂ ಅವರಿಗೆ ಉತ್ತಮ ನಿರ್ದೇಶಕ ಎಂಬ ಫಿಲ್ಮ್‌ಫೇರ್ ಗೌರವ ತಂದಿತು. ಗೀತ್, ಲಲ್ಕಾರ್, ಚರಸ್ ಬಂದವು. ಎಂಬತ್ತರ ದಶಕದ ಆರಂಭದ ಹೊತ್ತಿಗೆ ಅವರ ಚಿತ್ರಗಳ ಓಟ ಕುಂದಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಚರಸ್ ಚಿತ್ರೀಕರಣಕ್ಕಾಗಿ ಯುರೋಪಿಗೆ ಹೋಗಿದ್ದಾಗ ಸಂಜೆಯೊಂದರಲ್ಲಿ ಹೋಟೆಲೊಂದರಲ್ಲಿ ಬಣ್ಣದ ಟೆಲಿವಿಷನ್ ಕಂಡ ಸಾಗರ್, ಸಿನಿಮಾ ಬಿಟ್ಟು ಈ ಪೆಟ್ಟಿಗೆಗೆ ಬರುವುದಾಗಿಯೂ ರಾಮ, ಕೃಷ್ಣ ಮತ್ತು ದೇವಿಯ ಕಥೆಗಳನ್ನು ಅದಕ್ಕಾಗಿ ಮಾಡುವುದಾಗಿಯೂ ಮಕ್ಕಳಿಗೆ ತಿಳಿಸಿದರಂತೆ. ಆಗ ಭಾರತದಲ್ಲಿ ಬಣ್ಣದ ಪ್ರಸಾರವೇ ಇರಲಿಲ್ಲ. ಬಂಡವಾಳ ಹೂಡುವವರು ನಕ್ಕುಬಿಟ್ಟರು. ಮೀಸೆಯಿಲ್ಲದ ದೇವರುಗಳನ್ನು ಯಾರು ನೋಡುತ್ತಾರೆ ಎಂಬುದು ಅವರ ತರ್ಕವಾಗಿತ್ತು ಎಂದು ಮನೆಯವರು ಸ್ಮರಿಸುತ್ತಾರೆ. ಮೊದಲು ವಿಕ್ರಮ ಬೇತಾಳ ಮಾಡಿ ತೋರಿಸಿದರು. ಅದರಲ್ಲಿ ನಟಿಸಿದ್ದ ಅರುಣ್ ಗೋವಿಲ್ ಮತ್ತು ದೀಪಿಕಾ ಚಿಖಲಿಯಾ ಮುಂದೆ ರಾಮ ಸೀತೆಯರಾದರು.

ಭಾನುವಾರದ ಬೆಳಗು

ರಾಮಾಯಣದ ಮೊದಲ ಕಂತು 1987ರ ಜನವರಿ 25ರಂದು ಪ್ರಸಾರವಾಯಿತು. ಹಮ್ ಲೋಗ್ ಧಾರಾವಾಹಿಯ ಪ್ರತಿ ಕಂತಿನ ಕೊನೆಗೆ ಕಾಣಿಸಿಕೊಂಡು ಮನೆಮಾತಾಗಿದ್ದ ಹಿರಿಯ ನಟ ಅಶೋಕ್ ಕುಮಾರ್ ಇದನ್ನು ವೀಕ್ಷಕರಿಗೆ ಪರಿಚಯಿಸಿದರು. ಚಿತ್ರೀಕರಣ ನಡೆದದ್ದು ಗುಜರಾತಿನ ಕರಾವಳಿಯ ಉಂಬರ್‌ಗಾಂವ್‌ನಲ್ಲಿ. ದಾರಾ ಸಿಂಗ್ ಹನುಮಂತ, ಅರವಿಂದ ತ್ರಿವೇದಿ ರಾವಣ, ಸುನಿಲ್ ಲಾಹ್ರಿ ಲಕ್ಷ್ಮಣ, ಲಲಿತಾ ಪವಾರ್ ಮಂಥರೆ. ಸಂಗೀತ ರವೀಂದ್ರ ಜೈನ್ ಅವರದು.

ಕಂತಿನ ಆರಂಭದಲ್ಲಿ ಆಧಾರಗ್ರಂಥಗಳ ಪಟ್ಟಿಯೊಂದು ತೆರೆಯ ಮೇಲೆ ಸಾಗುತ್ತಿತ್ತು. ವಾಲ್ಮೀಕಿ, ತುಲಸೀದಾಸ, ಕಂಬ, ಕೃತ್ತಿವಾಸ, ಏಕನಾಥ, ರಂಗನಾಥ ರಾಮಾಯಣ, ಉರ್ದುವಿನ ಚಕಬಸ್ತ್ ಹೀಗೆ. ಅವುಗಳ ನಡುವೆ ಕನ್ನಡದ ರಾಮಚಂದ್ರ ಚರಿತಪುರಾಣವೂ ಇತ್ತು. ಇದು ನಾಗಚಂದ್ರ ಕವಿಯ ಪಂಪರಾಮಾಯಣ. ಕನ್ನಡಿಗರಿಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಆ ಗ್ರಂಥ ಬಲ್ಲವರಿಗೆ ನಗೆಯೂ ಬಂದೀತು. ಏಕೆಂದರೆ ಜೈನ ಸಂಪ್ರದಾಯದ ಆ ಕಾವ್ಯದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ರಾವಣನಾದರೋ ಪಶ್ಚಾತ್ತಾಪದಲ್ಲಿ ಬೆಂದ ದುರಂತನಾಯಕ. ರಾಮ ಕೊನೆಗೆ ಜಿನದೀಕ್ಷೆ ವಹಿಸುತ್ತಾನೆ. ಸಾಗರ್ ಅವರ ರಾಮಾಯಣದಲ್ಲಿ ಇವಾವುದರ ಸುಳಿವೂ ಇಲ್ಲ. ಬಹುಮಟ್ಟಿಗೆ ಅದು ತುಲಸಿಯ ಭಕ್ತಿಯಲ್ಲಿ ಅದ್ದಿದ ಕಥೆ. ಆದರೂ ರಾಮಕಥೆ ಒಂದಲ್ಲ, ಹಲವು ಎಂಬುದನ್ನು ಆ ಪಟ್ಟಿ ವಾರವಾರವೂ ಒಪ್ಪಿಕೊಳ್ಳುತ್ತಿತ್ತು. ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ಜಗಳಕ್ಕೂ ಆ ಒಪ್ಪಿಗೆಯಲ್ಲೇ ಬೀಜವಿತ್ತು.

ಪ್ರಸಾರದ ಹೊತ್ತಿಗೆ ಬೀದಿಗಳು ನಿರ್ಜನವಾಗುತ್ತಿದ್ದವು. ಜನರು ಸ್ನಾನ ಮಾಡಿ, ಚಪ್ಪಲಿ ಹೊರಗೆ ಬಿಟ್ಟು, ಟೀವಿಗೆ ಹೂಮಾಲೆ ಹಾಕಿ, ಊದುಬತ್ತಿ ಹಚ್ಚಿ ಕುಳಿತುಕೊಳ್ಳುತ್ತಿದ್ದರು. ಮದುವೆಯ ವೇಳೆ ಬದಲಾದ, ರೈಲು ತಡವಾದ, ವಿದ್ಯುತ್ ಕೈಕೊಟ್ಟಾಗ ಜನರು ವಿದ್ಯುತ್ ಕಚೇರಿಗೆ ನುಗ್ಗಿದ ವರದಿಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು. ಕರ್ನಾಟಕದಲ್ಲೂ ಸ್ಥಿತಿ ಬೇರೆಯಾಗಿರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭಗೊಂಡು ಆಗಿನ್ನೂ ಆರು ವರ್ಷ ತುಂಬಿರಲಿಲ್ಲ. ಬೀದಿಗೊಂದೋ ಎರಡೋ ಟೀವಿ ಇದ್ದ ಕಾಲ. ಡಬ್ಬಿಂಗ್ ಇರಲಿಲ್ಲ, ಸಂಸ್ಕೃತಮಯವಾದ ಹಿಂದಿ ಹಿರಿಯರಿಗೆ ಅರೆಬರೆ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದರೂ ನಷ್ಟವಿರಲಿಲ್ಲ. ಹರಿಕಥೆ, ಯಕ್ಷಗಾನ, ತೊರವೆ ರಾಮಾಯಣದ ವಾಚನಗಳಲ್ಲಿ ಕಥೆ ಮೊದಲೇ ಗೊತ್ತಿತ್ತು. ಕೈಕೇಯಿ ವರ ಕೇಳುವಾಗ ಕಣ್ಣೊರೆಸಿಕೊಳ್ಳಲು ಭಾಷೆ ಬೇಕಾಗಿರಲಿಲ್ಲ.

ವಿಮರ್ಶಕರಿಗೆ, ಅದರಲ್ಲೂ ಇಂಗ್ಲಿಷ್ ಪತ್ರಿಕೆಗಳಿಗೆ, ಧಾರಾವಾಹಿ ಹಿಡಿಸಲಿಲ್ಲ. ಆಮೆವೇಗ, ಥಳಕಿನ ಕಿರೀಟ, ಕಣ್ಣಿಗೆ ರಾಚುವ ಬಣ್ಣ, ಬಾಣಗಳು ಆಕಾಶದಲ್ಲಿ ಮುಖಾಮುಖಿಯಾಗುವ ಮಕ್ಕಳಾಟದಂತಹ ತಂತ್ರ ಎಂದು ಹೀಗಳೆದರು. ಅಮೆರಿಕದ ವಿದ್ವಾಂಸ ಫಿಲಿಪ್ ಲುಟ್ಗೆಂಡಾರ್ಫ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ನಿಧಾನಗತಿಯನ್ನು ಬೇರೆ ಬಗೆಯಲ್ಲಿ ವಿವರಿಸಿದರು. ಮುಖದಿಂದ ಮುಖಕ್ಕೆ ಸಾವಕಾಶ ಹೊರಳುವ ಕ್ಯಾಮೆರಾ ವೀಕ್ಷಕನಿಗೆ ಕಥೆಯನ್ನು ಮಾತ್ರ ಹೇಳುತ್ತಿರಲಿಲ್ಲ, ದರ್ಶನವನ್ನೂ ಕೊಡುತ್ತಿತ್ತು ಎಂಬುದು ಅವರ ವಾದದ ತಿರುಳು. ಯಕ್ಷಗಾನದ ಒಡ್ಡೋಲಗವನ್ನು ಬಲ್ಲ ನಾಡಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಮೂಲತಃ 52 ಕಂತುಗಳಿಗೆ ಯೋಜಿಸಿದ್ದ ಧಾರಾವಾಹಿ ಮತ್ತೆ ಮತ್ತೆ ವಿಸ್ತರಣೆ ಪಡೆದು 78ಕ್ಕೆ ಮುಟ್ಟಿತು. ಯುದ್ಧವನ್ನು ಎಳೆಯಲಾಗುತ್ತಿದೆ ಎಂಬ ಗೊಣಗಾಟವೂ ಇತ್ತು. ಆದರೆ ಮುಗಿಯುತ್ತದೆ ಎಂಬ ಸುದ್ದಿ ಬಂದಾಗ ಗೊಣಗಿದವರೂ ಮೌನವಾದರು.

ಜಲಂಧರದ ಕಸ

ಮುಷ್ಕರ ಆರಂಭವಾದದ್ದು ಪಂಜಾಬಿನ ಜಲಂಧರದಲ್ಲಿ. ಪಟ್ಟಾಭಿಷೇಕಕ್ಕೇ ಧಾರಾವಾಹಿ ನಿಲ್ಲುತ್ತದೆ ಎಂದು ತಿಳಿದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಮುಷ್ಕರ ಉತ್ತರ ಭಾರತದ ಬೇರೆ ನಗರಗಳಿಗೂ ಹಬ್ಬಿತು. ಮಳೆಗಾಲದ ದಿನಗಳು; ಬೀದಿಗಳಲ್ಲಿ ಕಸ ರಾಶಿಬಿದ್ದು ಕೊಳೆಯತೊಡಗಿತು. ಪಂಜಾಬ್ ಆಗ ರಾಷ್ಟ್ರಪತಿ ಆಡಳಿತದಲ್ಲಿತ್ತು, ಭಯೋತ್ಪಾದನೆಯಿಂದ ತತ್ತರಿಸಿತ್ತು. ಅಂತಹ ರಾಜ್ಯದಲ್ಲಿ ಟೀವಿ ಧಾರಾವಾಹಿಯ ಕೊನೆಯ ಅಧ್ಯಾಯಕ್ಕಾಗಿ ಮುಷ್ಕರವೆಂದಾಗ ಆಡಳಿತದವರು ಮೊದಲು ಗಂಭೀರವಾಗಿ ಪರಿಗಣಿಸದಿದ್ದರೆ ಆಶ್ಚರ್ಯವಿಲ್ಲ. ದೂರದ ನಗರಗಳ ಓದುಗರಿಗೆ ಅದು ವಿನೋದದ ಸುದ್ದಿಯಾಗಿ ತಲುಪಿತು.

ಅದರಲ್ಲಿ ವಿನೋದವೇನೂ ಇರಲಿಲ್ಲ. ಉತ್ತರದ ಆ ಪೌರಕಾರ್ಮಿಕರಲ್ಲಿ ಬಹುಪಾಲು ಮಂದಿ ವಾಲ್ಮೀಕಿ ಸಮುದಾಯದವರು. ಇಲ್ಲೊಂದು ಸ್ಪಷ್ಟನೆ ಅಗತ್ಯ. ಕರ್ನಾಟಕದಲ್ಲಿ ವಾಲ್ಮೀಕಿಯನ್ನು ಕುಲಪುರುಷನೆಂದು ಆರಾಧಿಸುವವರು ನಾಯಕ ಸಮುದಾಯದವರು. ಪಂಜಾಬ್, ದೆಹಲಿ, ಉತ್ತರಪ್ರದೇಶಗಳಲ್ಲಿ ಅದೇ ಹೆಸರು ಹೊತ್ತವರು ತಲೆತಲಾಂತರದಿಂದ ಕಸ ಗುಡಿಸುವ, ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟ ದಲಿತರು. ಮಹರ್ಷಿ ವಾಲ್ಮೀಕಿ ಅವರಿಗೆ ಗುರು, ದೇವರು, ಸಮಾಜ ತಮಗೆ ನಿರಾಕರಿಸಿದ ಗೌರವಕ್ಕೆ ಸಾಕ್ಷಿ.

ಪಟ್ಟಾಭಿಷೇಕಕ್ಕೆ ನಿಲ್ಲುವ ರಾಮಾಯಣದಲ್ಲಿ ವಾಲ್ಮೀಕಿ ಗ್ರಂಥದ ಕರ್ತೃ ಮಾತ್ರ. ಉತ್ತರಕಾಂಡದಲ್ಲಾದರೆ ಆತ ಕಥೆಯೊಳಗೇ ನಿಂತು ನಡೆಸುವ ಪಾತ್ರ. ತುಂಬು ಗರ್ಭಿಣಿ ಸೀತೆಗೆ ಅಯೋಧ್ಯೆ ಬಾಗಿಲು ಮುಚ್ಚಿದಾಗ ಬಾಗಿಲು ತೆರೆಯುವವನು ಅವನು. ರಾಜಕುಮಾರರಿಗೆ ಅಕ್ಷರ, ಗಾಯನ, ಧನುರ್ವಿದ್ಯೆ ಕಲಿಸುವವನು ಅವನು. ತುಂಬಿದ ಸಭೆಯಲ್ಲಿ ಚಕ್ರವರ್ತಿಯ ಎದುರು ನಿಂತು ಸೀತೆಯ ಪರಿಶುದ್ಧಿಗೆ ತನ್ನ ತಪಸ್ಸನ್ನೇ ಒತ್ತೆಯಿಡುವವನೂ ಅವನೇ. ಒಂದೂವರೆ ವರ್ಷ ಪ್ರತಿ ಭಾನುವಾರ ಟೀವಿಯ ಮುಂದೆ ಕೈಮುಗಿದು ಕುಳಿತ ಜನರಿಗೆ, ತಮ್ಮ ಗುರು ತೆರೆಯ ಮೇಲೆ ಬರುವ ಹೊತ್ತಿಗೆ ಕಥೆ ಮುಗಿಯಿತು ಎಂದು ಹೇಳಿದರೆ ಅದು ಬರೀ ನಿರಾಶೆಯಲ್ಲ, ಅವಮಾನ. ಊಟದ ಪಂಕ್ತಿಯಲ್ಲಿ ಬಡಿಸುತ್ತ ಬಂದವರು ತಮ್ಮ ಎಲೆಯ ಹತ್ತಿರ ಬಂದಾಗ ಪಾತ್ರೆ ಮುಚ್ಚಿದಂತೆ.

ಈ ಪ್ರಸಂಗವನ್ನು ಬಿಬಿಸಿಯ ವರದಿಗಾರರಾಗಿದ್ದ ಮಾರ್ಕ್ ಟಲ್ಲಿ, 1991ರಲ್ಲಿ ಪ್ರಕಟವಾದ ತಮ್ಮ ಪುಸ್ತಕದ ಒಂದು ಅಧ್ಯಾಯಕ್ಕೆ ವಸ್ತುವಾಗಿಸಿಕೊಂಡರು. ಸರ್ಕಾರ ಮಣಿಯಿತು. ಸಾರ್ವಜನಿಕ ಆರೋಗ್ಯದ ಭೀತಿ ಒಂದೆಡೆ, ದೇಶದ ಅತಿ ಜನಪ್ರಿಯ ಕಾರ್ಯಕ್ರಮದ ಆಕರ್ಷಣೆ ಇನ್ನೊಂದೆಡೆ. ಇನ್ನಷ್ಟು ಕಂತುಗಳನ್ನು ಮಾಡುವಂತೆ ಸಾಗರ್ ಅವರನ್ನು ಕೇಳಲಾಯಿತು.

ಉತ್ತರಕಾಂಡವನ್ನು ಕೈಬಿಟ್ಟವರಲ್ಲಿ ಸಾಗರ್ ಮೊದಲಿಗರಲ್ಲ ಎಂಬುದನ್ನು ಗಮನಿಸಬೇಕು. ವಾಲ್ಮೀಕಿ ರಾಮಾಯಣದಲ್ಲಿ ಆ ಕಾಂಡ ಅನಂತರ ಸೇರಿದ್ದೆಂಬ ವಾದ ವಿದ್ವಾಂಸರಲ್ಲಿ ಬಹಳ ಹಳೆಯದು. ಕಂಬ ಪಟ್ಟಾಭಿಷೇಕಕ್ಕೇ ಮುಗಿಸಿದ. ತುಲಸೀದಾಸರು ಉತ್ತರಕಾಂಡವೆಂದು ಬರೆದರೂ ಅದರಲ್ಲಿ ಸೀತೆಯ ಪರಿತ್ಯಾಗವನ್ನು ತರಲಿಲ್ಲ. ಕುವೆಂಪು ಅವರ ಶ್ರೀರಾಮಾಯಣ ದರ್ಶನಂ ಕೂಡ ಪಟ್ಟಾಭಿಷೇಕದಲ್ಲೇ ಪೂರ್ಣಗೊಳ್ಳುತ್ತದೆ. ಅಲ್ಲಿ ಸೀತೆಯೊಡನೆ ರಾಮನೂ ಅಗ್ನಿಪ್ರವೇಶ ಮಾಡುತ್ತಾನೆ. ಆದರೆ ಜನಮನದ ದಾರಿ ಬೇರೆ. ಕನ್ನಡದ ಓದುಗ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ನೆನೆಯುವುದು ಸೀತಾಪರಿತ್ಯಾಗದ ಭಾಗವನ್ನು. ಮುದ್ದಣ ಮನೋರಮೆಗೆ ಹೇಳಿದ್ದೂ ರಾಮಾಶ್ವಮೇಧದ ಕಥೆಯನ್ನೇ. ಲವಕುಶರ ಪ್ರಸಂಗವಿದ್ದರೆ ಯಕ್ಷಗಾನದ ಅಂಗಳ ತುಂಬುತ್ತದೆ. ಸಿಂಹಾಸನದ ಸುಖಕ್ಕಿಂತ ಕಾಡಿನ ಸೀತೆಯ ದುಃಖವೇ ಜನರಿಗೆ ಹೆಚ್ಚು ಹತ್ತಿರ.

ಅದನ್ನು ಸಾಗರ್ ಅರಿಯದವರಾಗಿರಲಿಲ್ಲ. ಮನೆ ಬಿಟ್ಟು, ಊರು ಬಿಟ್ಟು, ಕೊನೆಗೆ ನಾಡನ್ನೇ ಬಿಟ್ಟು ಬಂದವರು ಅವರು. ಸೀತೆಯನ್ನು ಎರಡನೆಯ ಸಲ ಮನೆಯಿಂದ ಹೊರಹಾಕುವ ದೃಶ್ಯವನ್ನು ಬರೆಯಲು ಅವರು ಹಿಂಜರಿದದ್ದಕ್ಕೆ ಭಕ್ತಿಯೊಂದೇ ಕಾರಣವಾಗಿರಲಾರದು. ಅದೇ ವರ್ಷದ ಜನವರಿಯಲ್ಲಿ ಗೋವಿಂದ ನಿಹಲಾನಿ ಅವರ ತಮಸ್ ದೂರದರ್ಶನದಲ್ಲಿ ಪ್ರಸಾರವಾಗಿ ವಿಭಜನೆಯ ಗಾಯವನ್ನು ಮತ್ತೆ ತೆರೆದಿತ್ತು. ಔರ್ ಇನ್ಸಾನ್ ಮರ್ ಗಯಾ ಬರೆದವರು ಆ ಹೊತ್ತಿಗೆ ಉಂಬರ್‌ಗಾಂವ್‌ನಲ್ಲಿ ಲಂಕೆಯ ಯುದ್ಧದ ಚಿತ್ರೀಕರಣದಲ್ಲಿದ್ದರು.

ಎರಡನೆಯ ವಿದಾಯ

1988ರ ಕೊನೆಯ ತಿಂಗಳುಗಳಲ್ಲಿ ಲವಕುಶ ಅಥವಾ ಉತ್ತರ ರಾಮಾಯಣ ಆರಂಭಗೊಂಡಿತು. ಕುಶನಾಗಿ ನಟಿಸಿದ ಬಾಲಕ ಸ್ವಪ್ನಿಲ್ ಜೋಶಿ ಮುಂದೆ ಮರಾಠಿ ಚಿತ್ರರಂಗದ ಪ್ರಮುಖ ನಟರಾದರು. ವಾಲ್ಮೀಕಿಯ ಪಾತ್ರವನ್ನು ವಿಜಯ್ ಕವೀಶ್ ವಹಿಸಿದರು.

ಕಥೆಯ ಅತ್ಯಂತ ಕಠಿಣ ಘಟ್ಟದಲ್ಲಿ ಸಾಗರ್ ಒಂದು ಬದಲಾವಣೆ ಮಾಡಿದರು. ಅಗಸನ ಮಾತು ಕೇಳಿ ರಾಮ ಸೀತೆಯನ್ನು ತೊರೆಯುವುದಿಲ್ಲ. ರಾಮನ ಸಂಕಟವನ್ನು ಕಂಡ ಸೀತೆಯೇ ಅರಮನೆ ಬಿಡುವ ನಿರ್ಧಾರ ಕೈಗೊಳ್ಳುತ್ತಾಳೆ. ರಾಮನನ್ನು ಆರೋಪದಿಂದ ಪಾರುಮಾಡುವ ಜಾಣತನವಿದು ಎಂದು ಕೆಲವರು ಟೀಕಿಸಿದರು. ಸೀತೆಗೆ ಸ್ವಂತ ನಿರ್ಧಾರದ ಗೌರವ ದೊರೆಯಿತು ಎಂದು ಇನ್ನು ಕೆಲವರು ಮೆಚ್ಚಿದರು. ಟೀಕೆಯಲ್ಲಿ ತೂಕ ಹೆಚ್ಚು. ತಪ್ಪೇ ಮಾಡದ ರಾಮನ ಮುಂದೆ ಭೂಮಿ ಬಾಯ್ದೆರೆದು ಸೀತೆಯನ್ನು ಒಯ್ಯುವುದಾದರೂ ಏತಕ್ಕೆ ಎಂಬ ಪ್ರಶ್ನೆಗೆ ಧಾರಾವಾಹಿಯಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಆದರೂ ಸೀತೆ ಭೂಗತಳಾಗುವ ದೃಶ್ಯದಲ್ಲಿ ಮನೆಮನೆಗಳಲ್ಲಿ ಕಣ್ಣೀರು ಹರಿಯಿತು. ದೀಪಾವಳಿಯಂತೆ ಬೀಳ್ಕೊಟ್ಟ ಕಥೆಯನ್ನು ಜನರು ಎರಡನೆಯ ಸಲ ಅಳುತ್ತ ಬೀಳ್ಕೊಟ್ಟರು.

ಆ ವೇಳೆಗೆ ಬಿ.ಆರ್. ಚೋಪ್ರಾ ಅವರ ಮಹಾಭಾರತ 1988ರ ಅಕ್ಟೋಬರ್ 2ರಂದು ಆರಂಭವಾಗಿ ಭಾನುವಾರಗಳನ್ನು ತನ್ನದಾಗಿಸಿಕೊಂಡಿತ್ತು. ರಾಮಾಯಣದ ನಟರಿಗೆ ಪಾತ್ರಗಳಿಂದ ಬಿಡುಗಡೆ ಸಿಗಲಿಲ್ಲ. ಅರುಣ್ ಗೋವಿಲ್‌ಗೆ ರಾಮನಲ್ಲದ ಪಾತ್ರ ದೊರೆಯುವುದು ದುಸ್ತರವಾಯಿತು. ದೀಪಿಕಾ ಕನ್ನಡಕ್ಕೆ ಬಂದು ಅಂಬರೀಶ್ ಜೊತೆ ಇಂದ್ರಜಿತ್, ಶಂಕರ್‌ನಾಗ್ ಜೊತೆ ಹೊಸ ಜೀವನ ಚಿತ್ರಗಳಲ್ಲಿ ನಟಿಸಿದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ವಡೋದರಾದಿಂದ, ರಾವಣನಾಗಿದ್ದ ಅರವಿಂದ ತ್ರಿವೇದಿ ಸಾಬರಕಾಂಠಾದಿಂದ ಬಿಜೆಪಿ ಸಂಸದರಾಗಿ ಆಯ್ಕೆಯಾದರು. ಸೀತೆ ಮತ್ತು ರಾವಣ ಒಂದೇ ಪಕ್ಷದ ಬೆಂಚಿನಲ್ಲಿ ಕುಳಿತದ್ದು ಆ ದಿನಗಳ ಹಾಸ್ಯಕ್ಕೆ ವಸ್ತುವಾಯಿತು. ಅಯೋಧ್ಯೆ ಆಂದೋಲನಕ್ಕೆ ಈ ಧಾರಾವಾಹಿ ನೆಲ ಹದಮಾಡಿತೇ ಎಂಬ ಚರ್ಚೆ ಗಂಭೀರವಾದದ್ದು. ವಿದ್ವಾಂಸ ಅರವಿಂದ ರಾಜಗೋಪಾಲ್ 2001ರಲ್ಲಿ ಇದರ ಮೇಲೆ ಒಂದು ಗ್ರಂಥವನ್ನೇ ಬರೆದರು. ಆ ಚರ್ಚೆಯಲ್ಲಿ ಜಲಂಧರದ ಪೌರಕಾರ್ಮಿಕರ ಪ್ರಸ್ತಾಪ ವಿರಳ. ರಾಮನ ಮೇಲಿನ ಹಕ್ಕನ್ನು ಆ ಹೊತ್ತಿನಲ್ಲಿ ಮೊದಲು ಬೀದಿಗಿಳಿದು ಕೇಳಿದವರಲ್ಲಿ ಅವರೂ ಇದ್ದರು, ಮತ್ತು ಅವರು ಕೇಳಿದ್ದು ಗುಡಿಯನ್ನಲ್ಲ, ಕಥೆಯ ಉಳಿದರ್ಧವನ್ನು.

ಸಾಗರ್ ದುಡಿಮೆ ನಿಲ್ಲಿಸಲಿಲ್ಲ. ತೊಂಬತ್ತರ ದಶಕದಲ್ಲಿ ಶ್ರೀಕೃಷ್ಣ ಮತ್ತು ಅಲಿಫ್ ಲೈಲಾ ಬಂದವು. 2000ದಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ನೀಡಿತು. ಸಾಯಿಬಾಬಾ ಧಾರಾವಾಹಿಯ ಕೆಲಸದಲ್ಲಿ ತೊಡಗಿದ್ದ ಇಳಿವಯಸ್ಸಿನಲ್ಲಿ, 2005ರ ಡಿಸೆಂಬರ್ 12ರಂದು ಮುಂಬೈನಲ್ಲಿ ಅವರು ನಿಧನರಾದರು. 88 ತುಂಬಲು ಇನ್ನು ಹದಿನೇಳು ದಿನಗಳಿದ್ದವು. ಲಾಹೋರಿನ ದಿನಗಳಿಂದ ಹಿಡಿದು ಕೊನೆಯವರೆಗೆ ಬರೆದವರು, ಬರೆದದ್ದರಲ್ಲಿ ಬಹುಪಾಲು ಕಂತುಗಳಲ್ಲೇ ಜನರನ್ನು ತಲುಪಿತು.

ಹದಿನೈದು ವರ್ಷಗಳ ಬಳಿಕ ಕೊರೊನಾ ಲಾಕ್‌ಡೌನ್ ಜಾರಿಯಾದಾಗ ದೂರದರ್ಶನ 2020ರ ಮಾರ್ಚ್ 28ರಿಂದ ರಾಮಾಯಣವನ್ನು ಬೆಳಿಗ್ಗೆ ಮತ್ತು ರಾತ್ರಿ ಮರುಪ್ರಸಾರ ಮಾಡಿತು. ಏಪ್ರಿಲ್ 16ರ ಪ್ರಸಾರವನ್ನು 7.7 ಕೋಟಿ ಜನರು ನೋಡಿದರೆಂದು ದೂರದರ್ಶನ ಪ್ರಕಟಿಸಿತು. ಬೀದಿಗಳು ಮತ್ತೆ ನಿರ್ಜನವಾಗಿದ್ದವು, ಕಾರಣ ಮಾತ್ರ ಬೇರೆ. ಆ ನಿರ್ಜನ ಬೀದಿಗಳಲ್ಲಿ ಪೊರಕೆ ಹಿಡಿದು ನಿಂತಿದ್ದವರು ಪೌರಕಾರ್ಮಿಕರು. ಏಪ್ರಿಲ್ 18ರಂದು ಪಟ್ಟಾಭಿಷೇಕವಾಯಿತು. ಈ ಬಾರಿ ಯಾರೂ ಕೇಳಬೇಕಾಗಲಿಲ್ಲ. ಮರುದಿನವೇ ಉತ್ತರ ರಾಮಾಯಣ ಶುರುವಾಯಿತು.